ಜರಿ ಸುತ್ತಿದ ತಂತಿ

ಬೆಟಗೇರಿ ನೇಕಾರ್ರ ಮನ್ಯಾಗ ಹುಟ್ಟಿದವರಿಗೆ ಎಳಿ ಅಂದ್ರೇನು, ಸುತ್ತು ಅಂದ್ರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಸಾಲಿಗೆ ಹೋಗೂಕಿಂತ ಮೊದಲ ಕಂಡಿಕಿ ಸುತ್ತೂದು ಕಲ್ತಾಕಿ. ಸುತ್ತು ಸಡಲಾದ್ರ ಲಾಳಿಯೊಳಗ ಎಳಿ ಸಿಕ್ಕು ಬೀಳತಿತ್ತು, ಅವ್ವನ ಕೈ ನನ್ನ ಬೆನ್ನ ಮ್ಯಾಲ ಬೀಳತಿತ್ತು. ಅಂಥಾಕಿ ಹಂತ್ಯಾಕ ಹ್ವಾದ ವರ್ಷ ಅಣ್ಣನ ಮಗ ಬಂದು ಕುಂತ.

"ಅತ್ತಿ, ಒಂದು ನಾಕು ಸಾವಿರ ರೂಪಾಯಿ ಬೇಕಾಗಿತ್ತು. ತಂತಿ ತರಬೇಕು."

"ನಾಕು ಸಾವಿರಕ್ಕ ಎಷ್ಟು ತಂತಿ ಬರ್ತಾವೋ?"

"ನಾಕು."

ನನ್ನ ಬಾಯಿಂದ ಮಾತ ಹೊಂಡಲಿಲ್ಲ. ನಮ್ಮಪ್ಪನ ತಂಬೂರಿಗೂ ನಾಕ ತಂತಿ. ಅವನ್ನ ಬದಲಿ ಮಾಡೂದಕ್ಕ ಎಂದೂ ನೂರರ ನೋಟು ಎಣಿಸಿ ಕುಂತ ನೆನಪಿಲ್ಲ.

ಹುಡುಗ ಆರ್ಕೆಸ್ಟ್ರಾದಾಗ ಬೇಸ್ ಗಿಟಾರ್ ಬಾರಸ್ತಾನ. ಮದವಿ, ಗಣಪತಿ, ಜಾತ್ರಿ ಅಂತ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಿರಗತಿರ್ತಾನ. ಈಗ ವೀರೇಶ್ವರ ಪುಣ್ಯಾಶ್ರಮದಾಗ ಕಲ್ತ ಒಬ್ಬ ಹಿರಿಯ ಗಾಯಕರು ತಮ್ಮ ವಚನಗಾಯನಕ್ಕ ಅವನನ್ನ ಕರೆದಿದ್ರು. ಅವರಿಗೆ ಕಣ್ಣು ಕಾಣಸೂದಿಲ್ಲ, ಕಿವಿ ಮಾತ್ರ ಭಾಳ ಚುರುಕು. ಮೊದಲನೇ ತಾಲೀಮಿನಾಗ ಹಾಡು ನಿಲ್ಲಿಸಿ, "ತಮ್ಮಾ, ನಾ ಉಸಿರು ತಗೊಳೂ ಹೊತ್ತಿನಾಗ ನಿನ್ನ ತಂತಿ ಚೀರತೈತಿ ನೋಡು" ಅಂದ್ರಂತ. ಶಿರಹಟ್ಟಿ ಫಕೀರೇಶ್ವರ ಜಾತ್ರಿಗೆ ಕಾರ್ಯಕ್ರಮ. ಅದರೊಳಗ ಈ ಚೀರೂದು ಹೋಗಬೇಕು, ಇಲ್ಲಾಂದ್ರ ಬ್ಯಾರೆ ಹುಡುಗ ಬರ್ತಾನ. ನಮ್ಮ ಅಣ್ಣಗ ಗಿಟಾರೇ ಬ್ಯಾಡಾಗಿತ್ತು, "ಮಗ್ಗಾ ಮಾರಿ ತಂತಿ ತರೂಣೇನು?" ಅಂತ ಒದರಾಡಿದ. ಅದಕ್ಕ ಹುಡುಗ ನನ್ನ ಹಂತ್ಯಾಕ ಬಂದಿದ್ದ.

"ಎಲ್ಲಿ, ಮೊದಲು ನಿನ್ನ ತಂತಿ ತೋರಸು" ಅಂದೆ. ದಪ್ಪ ತಂತಿ ಮ್ಯಾಲ ಉಗುರು ಎಳದ್ರ ಝರ್ರ್ ಅಂತು. ನಡುವ ಉಕ್ಕಿನ ಎಳಿ, ಅದರ ಮ್ಯಾಲ ದುಂಡನ ಸಣ್ಣ ತಂತಿ ಒತ್ತೊತ್ತಾಗಿ ಸುತ್ತ್ಯಾರ. ಸುತ್ತಿಗೂ ಸುತ್ತಿಗೂ ನಡುವ ಹಳ್ಳ ದಿಬ್ಬ. ಬೆರಳು ಜಾರಿದಾಗ ಚೀರೂದು ಅದು. ಇದಕ್ಕ ರೌಂಡ್‌ವೌಂಡ್ ಅಂತಾರಂತ. ಅವಗ ಬೇಕಾಗಿದ್ದು ಫ್ಲ್ಯಾಟ್‌ವೌಂಡ್. ಮ್ಯಾಲ ಸುತ್ತೂ ತಂತಿ ದುಂಡಗ ಇರೂದಿಲ್ಲ, ಪಟ್ಟಿ ಹಂಗ ಚಪ್ಪಟೆ ಇರತೈತಿ. ಫೋನಿನಾಗ ಅದರ ದೊಡ್ಡ ಫೋಟೋ ತೋರಿಸಿದ. ನೋಡಿದಾಕಿನ ನಕ್ಕಬಿಟ್ಟೆ. "ಹುಚ್ಚಪ್ಪಾ, ಇದು ಜರಿ!"

ಹೌದ್ರಿ, ಜರೀನ. ಸೂರತ್ತಿನಿಂದ ಬರೂ ಅಸಲ್ ಜರಿ ಹೆಂಗ ಮಾಡ್ತಾರ? ಬೆಳ್ಳಿ ತಂತಿ ಸಣ್ಣಗ ಎಳದು, ಚಪ್ಪಟೆ ಮಾಡಿ, ಆ ಪಟ್ಟೀನ ರೇಷ್ಮಿ ಎಳಿ ಮ್ಯಾಲ ಸುತ್ತಿ, ಮ್ಯಾಲ ಬಂಗಾರದ ನೀರು ಕೊಡ್ತಾರ. ಒಳಗಿನ ಎಳಿ ಬಲಾ ಕೊಡತೈತಿ, ಹೊರಗಿನ ಪಟ್ಟಿ ನುಣುಪು, ಹೊಳಪು ಕೊಡತೈತಿ. ಬೆಳ್ಳಿ ಬದಲಿ ತಾಮ್ರ ಹಾಕಿದ್ರ ಸೋವಿ ಜರಿ. ಗಿಟಾರಿನ ತಂತಿಯೊಳಗ ರೇಷ್ಮಿ ಜಾಗಾದಾಗ ಉಕ್ಕು, ಬೆಳ್ಳಿ ಜಾಗಾದಾಗ ಸ್ಟೀಲು ಇಲ್ಲಾ ನಿಕ್ಕಲ್, ಅಷ್ಟ ಫರಕು.

ತಂತಿಗೆ ಸುತ್ತು ಹಾಕೂ ಬುದ್ಧಿ ಹೊಸಾದಲ್ಲ. ತಂತಿ ಉದ್ದ ಆದಷ್ಟೂ, ತೂಕ ಆದಷ್ಟೂ, ಸಡಲ ಆದಷ್ಟೂ ಸ್ವರ ತಳಕ್ಕ ಇಳಿತೈತಿ. ಯುರೋಪಿನಾಗ ಮೊದಲು ಕರುಳಿನ ತಂತಿ ಇದ್ವು. ತಗ್ಗಿನ ಸ್ವರ ಬೇಕಂದ್ರ ಕರುಳು ಹಗ್ಗದಷ್ಟು ದಪ್ಪ ಆಗಿ ಬಿರುಸಾಗತಿತ್ತು, ಬರೇ ಧಪ್ ಧಪ್ ಅನ್ನತಿತ್ತು. 1660ರ ಸುಮಾರಿಗೆ ಕರುಳಿನ ಮ್ಯಾಲ ಲೋಹದ ಸಣ್ಣ ತಂತಿ ಸುತ್ತೂದು ಸುರು ಆತು. ತೂಕ ಬಂತು, ಒಳಗಿನ ಎಳಿ ಮಾತ್ರ ತೆಳ್ಳಗ ಉಳೀತು. ವಾಯಲಿನ್ನಿನ ದಪ್ಪ ತಂತಿ ಇವತ್ತಿಗೂ ಹಂಗ ಇರತೈತಿ, ಅದೂ ಚಪ್ಪಟೆ ಪಟ್ಟೀದು. ಅಂದ್ರ ನಮ್ಮ ಗದಗಿನಾಗ ವಾಯಲಿನ್ ಹಿಡದವರೆಲ್ಲಾ ಈ ನಮೂನಿ ತಂತೀನ ಹೆಸರು ಗೊತ್ತಿಲ್ಲದನ ಬಾರಿಸ್ಯಾರ.

ಗದಗ ಅಂದಮ್ಯಾಲ ತಂಬೂರಿ ಮಾತು ಬಿಟ್ಟು ಮುಂದ ಹೋಗಾಕ ಆಗೂದಿಲ್ಲ. ಪಂಚಾಕ್ಷರಿ ಗವಾಯಿಗಳು, ಅವರ ಹಿಂದ ಪುಟ್ಟರಾಜ ಗವಾಯಿಗಳು, ಇಬ್ಬರಿಗೂ ಕಣ್ಣು ಇರಲಿಲ್ಲ. ಕಣ್ಣು ಕಾಣದವರಿಗೂ ಬಡವರ ಮಕ್ಕಳಿಗೂ ಅನ್ನಾ ಹಾಕಿ ಸಂಗೀತ ಕಲಿಸಿದ್ರು. ಪುಟ್ಟರಾಜರು 2010ರಾಗ ಲಿಂಗೈಕ್ಯರಾಗೂ ತನಕ ಅದನ್ನ ನಡೆಸಿದ್ರು. ನಮ್ಮಪ್ಪ ಮಗ್ಗದ ಕೆಲಸ ಮುಗಿಸಿ ಅಲ್ಲಿ ಹೋಗಿ ಕುಂತು ಕೇಳಿ ಕೇಳಿ ಅಷ್ಟಿಷ್ಟು ಹಾಡತಿದ್ದ. ಅವನ ತಂಬೂರಿ ಮಿರಜದ್ದು.

ಮಿರಜ ಅಂದ್ರ ನಮಗ ಪರದೇಶ ಅಲ್ಲ. ಸ್ವಾತಂತ್ರ್ಯಕ್ಕಿಂತ ಮೊದಲು ನಮ್ಮ ಲಕ್ಷ್ಮೇಶ್ವರ ಮಿರಜದ ಪಟವರ್ಧನರ ಸಂಸ್ಥಾನದಾಗ ಇತ್ತು, ಶಿರಹಟ್ಟಿ ಸಾಂಗಲಿಯವರದು. ಗದಗ, ಮುಂಡರಗಿ ಮಾತ್ರ ಇಂಗ್ರೇಜರ ಧಾರವಾಡ ಜಿಲ್ಲಾಕ್ಕ ಸೇರಿದ್ವು. ಈಗ ಒಂದ ಜಿಲ್ಲಾದಾಗ ಇರೂ ಊರು ಆಗ ಮೂರು ಸರಕಾರದಾಗ. 1948ರಾಗ ಸಂಸ್ಥಾನ ವಿಲೀನ ಆದವು, 1956ರಾಗ ನಾವೆಲ್ಲಾ ಮೈಸೂರು ರಾಜ್ಯಕ್ಕ ಬಂದಿವಿ, 1997ರಾಗ ಗದಗ ಜಿಲ್ಲಾ ಆತು.

ಮಿರಜದಾಗ ತಂಬೂರಿ ಮಾಡೂ ಮನೆತನದವರು ಶಿಕಲಗಾರರು. ಅಂದ್ರ ಮೊದಲು ಕತ್ತಿ, ಭರ್ಚಿ ಮಸೆಯವರು. ರಾಜರ ಯುದ್ಧ ನಿಂತು ಕತ್ತಿಗೆ ಗಿರಾಕಿ ಇಲ್ಲಧಂಗಾದ ಮ್ಯಾಲ, 1850ರ ಸುಮಾರಿಗೆ ಫರೀದಸಾಹೇಬ ಅನ್ನೂವರು ವಾದ್ಯದ ಕೆಲಸಕ್ಕ ಕೈ ಹಾಕಿದ್ರು. ಪಂಢರಪುರದ ಕಡೆಯ ದೊಡ್ಡ ಸ್ವಾರಿಕಾಯಿ ತಂದು ತಂಬೂರಿ ಮಾಡತಾರ. 2024ರಾಗ ಮಿರಜದ ಸಿತಾರಿಗೂ ತಂಬೂರಿಗೂ ಜಿಐ ಗುರುತು ಸಿಕ್ಕೈತಿ. ಇದ ಮಿರಜದಾಗ ಅಬ್ದುಲ್ ಕರೀಂ ಖಾನ್ ಸಾಹೇಬರು ಇದ್ದದ್ದು. ಅವರ ರಿಕಾರ್ಡು ಕೇಳಿ ಗದಗಿನ ಹುಡುಗ ಭೀಮಸೇನ ಜೋಶಿ ಹನ್ನೊಂದು ವರ್ಷದಾಂವ ಮನಿ ಬಿಟ್ಟು ಓಡಿದ್ದನ್ನ ನಮ್ಮ ಕಡೆ ಯಾರಿಗೆ ಹೇಳಬೇಕು! ಊರೂರು ಸುತ್ತಿ ಕಡೀಕೆ ಲಕ್ಷ್ಮೇಶ್ವರಕ್ಕ ಸಮೀಪದ ಕುಂದಗೋಳದಾಗ ಖಾನ್ ಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರ ಕಾಲ ಹಂತ್ಯಾಕ ಕುಂತು ಕಲ್ತ್ರು.

ತಂಬೂರಿಯೊಳಗ ನಡುವಿನ ಜೋಡಿ ತಂತಿ ಉಕ್ಕಿಂದು, ಕಡೀ ಖರ್ಜ ಹಿತ್ತಾಳೀದು. ಕುದುರೀ ಮ್ಯಾಲ ತಂತಿ ಕೆಳಗ ಒಂದು ಎಳಿ ದಾರ ಸರಿಸಿ ಇಡತಾರ, ಅದಕ್ಕ ಜೀವಾ ಅಂತಾರ. ಆಗ ತಂತಿ ಗುಂಯ್ ಅಂತ ಮಿಡೀತೈತಿ. ಆ ನಾದಕ್ಕ ಹೆಸರು ಜವಾರಿ. ನಮ್ಮ ಮನ್ಯಾಗ ಜೀವಾಕ್ಕ ಎಂದೂ ತ್ರಾಸ ಆಗಲಿಲ್ಲ, ಮಗ್ಗದ ರೇಷ್ಮಿ ಎಳೀನ ಹರದು ಇಡತಿದ್ದ ಅಪ್ಪ. ನನಗ ಸಣ್ಣಾಕಿದ್ದಾಗ ಜವಾರಿ ಅಂದ್ರ ಜವಾರಿ ಬದನಿಕಾಯಿ, ಜವಾರಿ ಕೋಳಿ ಹಂಗ ಇದೂ ಊರ ಕಡೀದು ಅಂತ ತಿಳಕೊಂಡಿದ್ದೆ.

ಅಪ್ಪಗ ಮೊಮ್ಮಗನ ಬೇಡಿಕಿ ತಿಳೀಲಿಲ್ಲ. "ನಾವು ತಂತಿ ಗುಂಯ್ ಅನ್ನಲಿ ಅಂತ ಜೀವಾ ಇಡತೀವಿ, ನೀ ತಂತಿ ಸುಮ್ಮನಾಗಲಿ ಅಂತ ರೊಕ್ಕಾ ಕೊಡತಿ?" ಅಂದ. ಹುಡುಗ ಹೇಳಿದ ಉತ್ತರ ನನಗ ಸೇರಿತು. "ಅಜ್ಜಾ, ಗುಂಯ್ ಅನ್ನಾಕ ನಿನ್ನ ತಂಬೂರಿ ಐತೆಲ್ಲಾ. ಅದರ ಕೆಳಗ ನಾ ನೆಲಾ ಆಗಿರಬೇಕು."

ಈ ಬೇಸ್ ಗಿಟಾರಿನ ಚರಿತ್ರಿ ಸಣ್ಣದು. ಆಳೆತ್ತರದ ಡಬಲ್ ಬೇಸ್ ಹೊತ್ಕೊಂಡು ತಿರಗೂದು ತಪ್ಪಲಿ ಅಂತ ಅಮೆರಿಕಾದ ಲಿಯೋ ಫೆಂಡರ್ 1951ರಾಗ ಪ್ರಿಸಿಜನ್ ಬೇಸ್ ತಂದ. ಡಬಲ್ ಬೇಸಿನ ತಂತಿ ಮಿಡಿಯೂ ಉದ್ದ 42 ಇಂಚಿನ ಆಸುಪಾಸು, ಇದರದು 34. ಗಿಡ್ಡ ತಂತಿಯಿಂದ ಅಷ್ಟ ತಗ್ಗಿನ ಸ್ವರ ಬರಬೇಕು. ಹಿಂಗಾಗಿ ಸುತ್ತಿದ ತಂತಿನ ಬೇಕು, ಮೊದಲಿಗೆ ಎಲ್ಲಾರೂ ಹಾಕತಿದ್ದದ್ದು ಫ್ಲ್ಯಾಟ್‌ವೌಂಡ್. 1960ರ ದಶಕದಾಗ ಇಂಗ್ಲೆಂಡಿನ ರೋಟೋಸೌಂಡ್ ಕಂಪನಿ ರೌಂಡ್‌ವೌಂಡ್ ತಂತಿ ತಂತು. ಖಣಖಣ ಆವಾಜು ರಾಕ್ ಮಂದಿಗೆ ಹಿಡಿಸಿತು, ಆಮ್ಯಾಲ ಅದ ರೂಢಿ ಆತು. ಆದ್ರ ಡೆಟ್ರಾಯಿಟಿನ ಮೋಟೌನ್ ಹಾಡುಗಳಿಗೆ ಬಾರಸ್ತಿದ್ದ ಜೇಮ್ಸ್ ಜೇಮರ್ಸನ್ ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲ್ಯಾಟ್‌ವೌಂಡ್ ಬಿಡಲಿಲ್ಲ. ಹರಿಯೂ ತನಕ ಬದಲಿ ಮಾಡ್ತಿರಲಿಲ್ಲ ಅಂತ ಹೇಳ್ತಾರ.

ಆ ಕಡೀ ಮಾತು ಕೇಳಿದ ಕೂಡಲೇ ನನ್ನ ಲೆಕ್ಕ ಬದಲಾತು. ರೌಂಡ್‌ವೌಂಡಿನ ಹಳ್ಳದಾಗ ಬೆವರು, ಕೊಳಿ ತುಂಬಿ ಕೆಲವು ತಿಂಗಳದಾಗ ಆವಾಜು ಸತ್ತು ಹೋಗತೈತಿ. ಹುಡುಗ ಅದನ್ನ ಬಿಚ್ಚಿ ನನ್ನ ಅನ್ನದ ಬೋಗುಣ್ಯಾಗ ಹಾಕಿ ಕುದಿಸಿದ್ದೂ ಐತಿ, ಆ ಕಥಿ ಬ್ಯಾಡ. ಫ್ಲ್ಯಾಟ್‌ವೌಂಡಿಗೆ ಹೊಳಪಿನ ಆವಾಜು ಮೊದಲ ಕಮ್ಮಿ, ಸಾಯಾಕ ಏನೂ ಇಲ್ಲ. ವರ್ಷಗಟ್ಟಲೆ ನಡಿತೈತಿ, ಹಳೇದಾದಂಗ ಇನ್ನೂ ಮೆತ್ತಗ ಆಗತೈತಿ. ಗಿಟಾರಿನ ಫ್ರೆಟ್ಟೂ ಕಮ್ಮಿ ಸವೀತಾವು. ಎರಡು ಪಟ್ಟು ಕೊಟ್ರೂ ನಾಕು ಪಟ್ಟು ಬಾಳಿಕಿ ಬಂದ್ರ ಅದು ದುಬಾರಿ ಹೆಂಗ ಆತು? ಕೊಟ್ಟೆ ರೊಕ್ಕಾ.

ಯಾವ ದಪ್ಪಂದು ತರಬೇಕು ಅನ್ನೂದಕ್ಕ ಅಜ್ಜ ಮೊಮ್ಮಗಂದು ಒಂದು ದಿನ ಪೂರ್ತಿ ಜಗಳ. ತಂಬೂರಿ ತಂತಿ ಗೇಜಿನ ಮ್ಯಾಲ, ನಂಬರು ಹೆಚ್ಚಾದಂಗ ತಂತಿ ಸಣ್ಣ. ಬೇಸಿನ ತಂತಿ ಇಂಚಿನ ಸಾವಿರದ ಭಾಗದಾಗ, ನಂಬರು ಹೆಚ್ಚಾದಂಗ ದಪ್ಪ. 45ರಿಂದ 105 ಅಂದ್ರ ಅಪ್ಪಗ ಉಲ್ಟಾ ತಿಳೀತು. ಫ್ಲ್ಯಾಟ್‌ವೌಂಡ್ ಬಿಗುವು ಹೆಚ್ಚು, ಗಿಟಾರಿನ ಕುತ್ತಿಗಿ ಬಾಗಬಾರದು ಅಂತ ಕಡೀಕೆ 45ರಿಂದ 100 ಅಂತ ಆತು.

ತಂತಿ ಬಂದ ದಿವಸನ ಅನಾಹುತ. ಹುಡುಗ ಅವಸರದಾಗ ದಪ್ಪ ತಂತಿ ತುದೀನ ಮೊದಲ ಕತ್ತರಿಸಿದ, ಆಮ್ಯಾಲ ಗೂಟಕ್ಕ ಸುತ್ತಾಕ ಹೋದ. ಮೊದಲು ಬಾಗಿಸಿ ಮಡಿಕಿ ಮಾಡಿ ಆಮ್ಯಾಲ ಕತ್ತರಿಸಬೇಕು. ಇಲ್ಲಾಂದ್ರ ಒಳಗಿನ ಎಳಿ ಮ್ಯಾಲಿನ ಪಟ್ಟಿ ಹಿಡಿತ ಬಿಟ್ಟು ಜಾರತೈತಿ. ಜರಿ ಕತ್ತರಿಸಿದ ತುದಿ ಬಿಚ್ಚಿಕೊಳ್ಳೂದು ನಾ ಎಷ್ಟು ಸಲ ನೋಡೇನಿ, ಮಾಡೂ ಮುಂದ ನನ್ನ ಒಂದು ಮಾತ ಕೇಳಲಿಲ್ಲ. ತಂತಿ ಧಪ್ ಅಂತು, ಹೆಣದಂಗ. ಹುಡುಗ ಅಳಲಿಲ್ಲ, ಊಟಾನೂ ಮಾಡಲಿಲ್ಲ. ಜಾತ್ರಿ ಹತ್ತು ದಿನ ಇತ್ತು. ಎರಡನೇ ಸಲ ರೊಕ್ಕಾ ಕೇಳಾಕ ಅವಗ ಬಾಯಿ ಇರಲಿಲ್ಲ, ಕೊಡಾಕ ನನ್ನ ಹಂತ್ಯಾಕ ಇರಲಿಲ್ಲ.

ಅವನ ಆರ್ಕೆಸ್ಟ್ರಾದವರು ದಾರಿ ಹೇಳಿದ್ರು. ಹುಬ್ಬಳ್ಳಿ ಕಡೆ ಒಬ್ಬ ಹಳೇ ಬೇಸ್ ವಾದಕರು ಬಾರಿಸೂದು ಬಿಟ್ಟು ತಮ್ಮ ಫ್ಲ್ಯಾಟ್‌ವೌಂಡ್ ತಂತಿ ತಗದಿಟ್ಟಿದ್ರು. ಆರು ವರ್ಷ ಬಾರಿಸಿದ್ದು. ರೌಂಡ್‌ವೌಂಡ್ ಆಗಿದ್ರ ಬೇಲಿ ಕಟ್ಟಾಕ ಉಪಯೋಗ, ಇದು ಹಂಗಲ್ಲ. ಈ ಸಲ ನಾನೂ ಕೂಡೆ ಹೋದೆ. ಹಳೇ ತಂತಿ ತಗೊಳಾಗ ನೋಡೂದು ಉದ್ದ, ಯಾಕಂದ್ರ ಮೊದಲಿನವರು ತಮ್ಮ ಗಿಟಾರಿಗೆ ಸರಿಯಾಗಿ ಕತ್ತರಿಸಿರ್ತಾರ. ನಾನು ಸೀರಿ ಅಳೆಯೂ ಟೇಪು ಒಯ್ದಿದ್ದೆ. ಎರಡು ಬೆರಳಷ್ಟು ಜಾಸ್ತಿನ ಇತ್ತು. ನಾಕೂ ತಂತಿ ಮ್ಯಾಲ ಉಗುರು ಎಳದೆ. ಎಲ್ಲೂ ಪಟ್ಟಿ ಎದ್ದಿರಲಿಲ್ಲ. ಅವರು ಕೇಳಿದ್ದು ಒಂದು ಸಾವಿರ, ಚಾ ಕುಡಿಸಿ ಎಂಟು ನೂರಕ್ಕ ಕೊಟ್ರು.

ಶಿರಹಟ್ಟಿಗೆ ಅಪ್ಪನೂ ಬಂದ, ತಂಬೂರಿ ತೊಡಿ ಮ್ಯಾಲ ಇಟ್ಕೊಂಡು ಹಿಂದ ಕುಂತ. ಹಾಡೂಕಿಂತ ಮೊದಲು ಗಾಯಕರು ಕೈ ಚಾಚಿ ಗಿಟಾರ್ ಎಲ್ಲೈತಿ ಅಂತ ಹುಡುಕಿ, ದಪ್ಪ ತಂತಿ ಮ್ಯಾಲ ಹೆಬ್ಬೆರಳಿನ ಉಗುರು ಮೆಲ್ಲಕ ಎಳದ್ರು. ಏನೂ ಸಪ್ಪಳಾಗಲಿಲ್ಲ. "ಹಳೇ ತಂತಿ ಹಾಕಿದೇನೋ?" ಅಂದ್ರು. ಹುಡುಗ ಹೂಂ ಅಂದ. "ಖರ್ಜ ಕೊಡು" ಅಂತ ಅಪ್ಪನ ಕಡೆ ತಿರುಗಿದ್ರು.