ಕಾರ್ಯಗತ ಕಡತಗಳ ಹೆಸರಿನ ರೂಢಿ

ಕಂಪ್ಯೂಟರಿನ ಪ್ರೊಸೆಸರ್ ನೇರವಾಗಿ ನಡೆಸಬಲ್ಲ ಯಂತ್ರಸೂಚನೆಗಳನ್ನು ಒಳಗೊಂಡ ಕಡತಕ್ಕೆ ಕಾರ್ಯಗತ ಕಡತ ಎಂದು ಹೆಸರು. 1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ರೂಪಿಸಿದ ಸಿಪಿ/ಎಂ ಕಾರ್ಯಾಚರಣ ವ್ಯವಸ್ಥೆಯಲ್ಲಿ ಕಡತದ ಹೆಸರಿಗೆ ಎಂಟು, ಚುಕ್ಕಿಯ ನಂತರದ ವಿಸ್ತರಣೆಗೆ ಮೂರು ಅಕ್ಷರಗಳ ಮಿತಿಯಿದ್ದು, ಆದೇಶ ಎಂಬರ್ಥದ ಇಂಗ್ಲಿಷ್ ಪದವನ್ನು ಮೊಟಕುಗೊಳಿಸಿದ ‘.ಕಾಮ್’ ವಿಸ್ತರಣೆ ಪ್ರೋಗ್ರಾಂಗಳಿಗೆ ಮೀಸಲಾಗಿತ್ತು. 1981ರ ಎಂಎಸ್-ಡಾಸ್ ಅದನ್ನು ಹಾಗೆಯೇ ಎತ್ತಿಕೊಂಡಿತು. ಕಾಮ್ ಕಡತವು ತನ್ನ ರಚನೆಯನ್ನು ವಿವರಿಸುವ ಶಿರೋಲೇಖವಿಲ್ಲದೆ ಮೆಮೊರಿಗೆ ಇದ್ದಂತೆಯೇ ನಕಲಾಗುವುದರಿಂದ 64 ಕಿಲೋಬೈಟನ್ನು ಮೀರಲಾರದು. ಈ ಮಿತಿಯಿಲ್ಲದ ‘.ಇಎಕ್ಸ್‌ಇ’ ಕಡತಕ್ಕೆ ಶಿರೋಲೇಖವಿದ್ದು, ಅದರ ಮೊದಲ ಎರಡು ಬೈಟುಗಳಲ್ಲಿ ಮೈಕ್ರೋಸಾಫ್ಟ್‌ನ ಮಾರ್ಕ್ ಜ್ಬಿಕೋವ್‌ಸ್ಕಿಯ ಹೆಸರಿನ ಮೊದಲಕ್ಷರಗಳಾದ ‘ಎಂ’ ಮತ್ತು ‘ಝಡ್’ ಇಂದಿನ ವಿಂಡೋಸ್ ಪ್ರೋಗ್ರಾಂಗಳಲ್ಲಿಯೂ ಉಳಿದುಕೊಂಡಿವೆ. ಒಂದೇ ಹೆಸರಿನ ಎರಡೂ ಬಗೆಯ ಕಡತಗಳಿದ್ದರೆ ಡಾಸ್ ಕಾಮ್ ಕಡತವನ್ನೇ ಮೊದಲು ನಡೆಸುತ್ತಿದ್ದುದನ್ನು ಕೆಲವು ವೈರಸ್‌ಗಳು ಚೆನ್ನಾಗಿಯೇ ಬಳಸಿಕೊಂಡವು.

ಯುನಿಕ್ಸ್‌ನಲ್ಲಿ ವಿಸ್ತರಣೆಗೆ ಬೆಲೆಯಿಲ್ಲ; ಕಡತಕ್ಕೆ ಕೊಟ್ಟ ಅನುಮತಿ ಮತ್ತು ಅದರ ಆರಂಭದ ಗುರುತುಸಂಖ್ಯೆಯೇ ನಿರ್ಣಾಯಕ. ಅಸೆಂಬ್ಲರಿನ ಉತ್ಪನ್ನ ಎಂಬ ಅರ್ಥದಲ್ಲಿ ಅಲ್ಲಿ ಹುಟ್ಟಿದ ‘ಎ.ಔಟ್’ ಎಂಬ ಹೆಸರನ್ನು, ಆ ಕಡತರೂಪವೇ ಬಳಕೆ ತಪ್ಪಿದ ಮೇಲೂ, ಬೇರೆ ಹೆಸರು ಸೂಚಿಸದಿದ್ದಾಗ ಲಿನಕ್ಸ್‌ನ ಸಿ ಕಂಪೈಲರ್‌ಗಳು ಇಂದಿಗೂ ಕೊಡುತ್ತವೆ.