ಲೆಕ್ಕ ಕೇಳುವವರ ಖರ್ಚು

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಎಂಬ ಮಾತು ನಮ್ಮಲ್ಲಿ ಹಳೆಯದು. ಯುದ್ಧದಿಂದ ಮರಳಿದ ಸೈನಿಕನ ಮಟ್ಟಿಗೆ ಈ ಮಾತು ಎಷ್ಟು ನಿಜವೆಂಬುದನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ಇತಿಹಾಸದಲ್ಲಿ ಕಾಣಬಹುದು. ಶಾಸನಸಭೆ ಹಣ ಮಂಜೂರು ಮಾಡಿದರೆ ಸಾಲದು. ಅದು ಸೈನಿಕನ ಕೈ ಸೇರಿತೆ ಎಂದು ವಿಚಾರಿಸುವ ಸಮಿತಿಯೊಂದು ಬೇಕು. ಸಮಿತಿಗೆ ಗುಮಾಸ್ತರು ಬೇಕು, ಶೀಘ್ರಲಿಪಿಕಾರರು ಬೇಕು, ಸಾಕ್ಷಿಗಳ ಪ್ರಯಾಣಕ್ಕೆ ದುಡ್ಡು ಬೇಕು. ಇದನ್ನೆಲ್ಲ ಯಾರು ಕೊಡಬೇಕು? ಪ್ರಶ್ನೆ ಚಿಕ್ಕದೆನಿಸಬಹುದು. ಆದರೆ ಕೋಟಿಗಟ್ಟಲೆ ಡಾಲರುಗಳ ಗತಿ ಈ ಚಿಕ್ಕ ಪ್ರಶ್ನೆಯನ್ನು ಅವಲಂಬಿಸಿತ್ತು.

ಅಂಗವಿಕಲ ಸೈನಿಕರ ಮಾಸಾಶನವನ್ನು ನೋಡಿಕೊಳ್ಳಲು ಅಲ್ಲಿನ ಪ್ರತಿನಿಧಿ ಸಭೆ 1831ರಲ್ಲಿಯೇ ಒಂದು ಸಮಿತಿಯನ್ನು ರಚಿಸಿತ್ತು. ಆಗ ಸಮಿತಿಗಳಿಗೆ ಕಾಯಂ ನೌಕರರೇ ಇರಲಿಲ್ಲ. ಹಣಕಾಸಿನ ಎರಡು ಪ್ರಮುಖ ಸಮಿತಿಗಳಿಗೆ ಕಾಯಂ ಗುಮಾಸ್ತರನ್ನು ಇಟ್ಟುಕೊಳ್ಳಲು ಹಣ ದೊರೆತದ್ದು 1856ರಲ್ಲಿ. ಅಂತರ್ಯುದ್ಧ ಮುಗಿದ ಮೇಲೆ ಮಾಸಾಶನದ ಹೊರೆ ಬೆಳೆಯಿತು. 1890ರ ದಶಕದ ಆರಂಭದ ಹೊತ್ತಿಗೆ ಕೇಂದ್ರ ಸರ್ಕಾರದ ವೆಚ್ಚದಲ್ಲಿ ಐದರಲ್ಲಿ ಎರಡು ಪಾಲು ಅದಕ್ಕೇ ಸಲ್ಲುತ್ತಿತ್ತು. ಒಬ್ಬೊಬ್ಬ ಅರ್ಜಿದಾರನ ಹೆಸರಿನಲ್ಲಿಯೂ ಪ್ರತ್ಯೇಕ ಮಸೂದೆ. ಅವು ರಾಶಿರಾಶಿಯಾಗಿ ಅಂಗೀಕಾರವಾಗುತ್ತಿದ್ದವು. ಕೊನೆಗೆ ಅಧ್ಯಕ್ಷ ಗ್ರೋವರ್ ಕ್ಲೀವ್ಲೆಂಡರು ತಮ್ಮ ಮೊದಲ ಅವಧಿಯಲ್ಲಿ ಇಂಥ ಇನ್ನೂರಕ್ಕೂ ಹೆಚ್ಚು ಮಸೂದೆಗಳನ್ನು ತಿರಸ್ಕರಿಸಬೇಕಾಯಿತು. ಸಮಿತಿಯ ಮೇಜಿನ ಮೇಲೆ ಆಗಬೇಕಾದ ಶೋಧನೆ ಅಧ್ಯಕ್ಷರ ಮೇಜಿನ ಮೇಲೆ ನಡೆಯಿತು!

ಮೊದಲ ಮಹಾಯುದ್ಧದ ತರುವಾಯ ಇದಕ್ಕಿಂತ ಹೀನವಾದ ಸಂಗತಿಯೊಂದು ಬಯಲಾಯಿತು. ಮಾಜಿ ಸೈನಿಕರ ಆರೈಕೆಗೆಂದು 1921ರಲ್ಲಿ ಸ್ಥಾಪಿತವಾದ ವೆಟರನ್ಸ್ ಬ್ಯೂರೋಗೆ ಚಾರ್ಲ್ಸ್ ಫೋರ್ಬ್ಸ್ ಎಂಬಾತ ಮೊದಲ ನಿರ್ದೇಶಕ. ಪೆರಿವಿಲ್ ಉಗ್ರಾಣದಲ್ಲಿದ್ದ ಆಸ್ಪತ್ರೆಯ ಸಾಮಾನುಗಳನ್ನು ಈತ ಅಗ್ಗದ ಬೆಲೆಗೆ ಮಾರಿಸಿದ. 1923ರಲ್ಲಿ ಸೆನೆಟ್ ಸಭೆ ವಿಶೇಷ ಸಮಿತಿಯೊಂದನ್ನು ನೇಮಿಸಿ ವಿಚಾರಣೆ ನಡೆಸಿತು. ಆಸ್ಪತ್ರೆಗಳ ಗುತ್ತಿಗೆಯಲ್ಲಿ ಸರ್ಕಾರವನ್ನು ವಂಚಿಸಲು ಒಳಸಂಚು ಮಾಡಿದನೆಂದು ಮುಂದೆ ನ್ಯಾಯಾಲಯ ಅವನಿಗೆ ಎರಡು ವರ್ಷ ಸೆರೆವಾಸವನ್ನೂ ಹತ್ತು ಸಾವಿರ ಡಾಲರ್ ದಂಡವನ್ನೂ ವಿಧಿಸಿತು.

1946ರ ಶಾಸಕಾಂಗ ಪುನರ್ವ್ಯವಸ್ಥೆಯ ಕಾಯಿದೆ ಹಳೆಯ ಮಾಸಾಶನ ಸಮಿತಿಗಳನ್ನೆಲ್ಲ ಒಂದುಗೂಡಿಸಿತು. ಮರುವರ್ಷ ಪ್ರತಿನಿಧಿ ಸಭೆಯ ಮಾಜಿ ಸೈನಿಕರ ಸಮಿತಿ, ಶ್ರೀಮತಿ ಈಡಿತ್ ನರ್ಸ್ ರಾಜರ್ಸ್ ಅವರ ಅಧ್ಯಕ್ಷತೆಯಲ್ಲಿ ಕೆಲಸ ಆರಂಭಿಸಿತು. ಸ್ಥಾಯೀ ಸಮಿತಿಗೆ ನಾಲ್ವರು ತಜ್ಞರು, ಆರು ಜನ ಗುಮಾಸ್ತರು ಎಂದು ಕಾಯಿದೆ ಸಾಮಾನ್ಯ ಮಿತಿ ಹಾಕಿತ್ತು. ಅದಕ್ಕೆ ಮೀರಿದ ತನಿಖೆ ಕೈಗೊಳ್ಳಬೇಕಾದರೆ ಸಭೆಯ ಸಾದಿಲ್ವಾರು ನಿಧಿಯಿಂದ ಹಣ ಬೇಡಬೇಕು. ಸಭೆಯ ಆಡಳಿತ ಸಮಿತಿ ಆ ಬೇಡಿಕೆಯನ್ನು ಪರಿಶೀಲಿಸಬೇಕು. ಬಳಿಕ ಸಭೆ ಠರಾವು ಮಾಡಬೇಕು. ಅಂದರೆ ಇತರರ ಲೆಕ್ಕ ಕೇಳುವವನು ಮೊದಲು ತನ್ನ ಲೆಕ್ಕ ಒಪ್ಪಿಸಬೇಕು. ಇದು ನ್ಯಾಯವೇ ಸರಿ.

ಇಂಥ ಖರ್ಚಿನಿಂದ ಏನು ಫಲ ಎನ್ನುವವರಿಗೆ 1950ರ ಉದಾಹರಣೆಯೊಂದೇ ಸಾಕು. 1944ರ ಪ್ರಸಿದ್ಧ ಕಾಯಿದೆಯ ಪ್ರಕಾರ, ಓದಬಯಸುವ ಮಾಜಿ ಸೈನಿಕನ ಶುಲ್ಕವನ್ನು, ವರ್ಷಕ್ಕೆ 500 ಡಾಲರಿನವರೆಗೆ, ಸರ್ಕಾರವೇ ನೇರವಾಗಿ ಶಾಲೆಗೆ ಕೊಡುತ್ತಿತ್ತು. ಲಕ್ಷಾಂತರ ಮಂದಿ ಇದರಿಂದ ವಿದ್ಯಾವಂತರಾದರು. ಆದರೆ ಈ ಹಣದ ವಾಸನೆ ಹಿಡಿದು ಸಾವಿರಾರು ಖಾಸಗಿ ತರಬೇತಿ ಶಾಲೆಗಳೂ ತಲೆ ಎತ್ತಿದವು. ಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡಿದ್ದ ಟೆಕ್ಸಾಸಿನ ಸದಸ್ಯ ಓಲಿನ್ ಟೀಗ್ ಅವರ ನೇತೃತ್ವದಲ್ಲಿ ವಿಶೇಷ ಸಮಿತಿಯೊಂದು ಇವುಗಳ ವಿಚಾರಣೆಗೆ ಹೊರಟಿತು. ಸುಳ್ಳು ಹಾಜರಿ, ಉಬ್ಬಿಸಿದ ಶುಲ್ಕ, ಉಪಕರಣಗಳಿಗೆ ಇಲ್ಲದ ಬೆಲೆ, ಅಧಿಕಾರಿಗಳಿಗೆ ಉಡುಗೊರೆ—ಎಲ್ಲವೂ ಹೊರಬಿದ್ದವು. ಸೈನಿಕನ ಹೆಸರಿನಲ್ಲಿ ಹಣ ಹೋಗುತ್ತಿತ್ತು. ಅವನಿಗೆ ವಿದ್ಯೆ ಬರುತ್ತಿರಲಿಲ್ಲ.

ಪರಿಣಾಮವಾಗಿ ಕೊರಿಯಾ ಯುದ್ಧದ ಸೈನಿಕರಿಗೆಂದು 1952ರಲ್ಲಿ ಆದ ಕಾಯಿದೆಯ ರೀತಿಯೇ ಬದಲಾಯಿತು. ಪೂರ್ಣಾವಧಿ ಓದುವ ಒಂಟಿ ಸೈನಿಕನ ಕೈಗೇ ತಿಂಗಳಿಗೆ 110 ಡಾಲರ್. ಶುಲ್ಕವನ್ನು ಅವನೇ ಕೊಡಬೇಕು. ತನ್ನ ಕಿಸೆಯಿಂದ ಕೊಡುವವನು ಶಾಲೆಯನ್ನು ವಿಚಾರಿಸಿಯೇ ಸೇರುತ್ತಾನೆ. ಮಾಜಿ ಸೈನಿಕರ ಹಣವನ್ನೇ ನಂಬಿ ಬದುಕುವ ಶಾಲೆಗಳಿಗೂ ಕಾಯಿದೆ ಕಡಿವಾಣ ಹಾಕಿತು. ಇಷ್ಟಕ್ಕೆಲ್ಲ ಮೂಲ, ಒಂದು ಸಮಿತಿ ಊರೂರು ತಿರುಗಿ ಲೆಕ್ಕದ ಪುಸ್ತಕ ತೆರೆಸಿದ್ದು.

ಸೆನೆಟ್ಟಿನಲ್ಲಿ ಮಾಜಿ ಸೈನಿಕರ ಸ್ಥಾಯೀ ಸಮಿತಿ ಬಂದದ್ದು 1971ರಲ್ಲಿ. ಪ್ರತಿನಿಧಿ ಸಭೆ 1995ರಲ್ಲಿ ಸಮಿತಿಗಳ ನೌಕರವರ್ಗವನ್ನು ಮೂರನೆಯ ಒಂದರಷ್ಟು ಕಡಿಮೆ ಮಾಡಿತು. ಅಂದಿನಿಂದ ಸಮಿತಿಗಳ ವೆಚ್ಚಕ್ಕೆ ಎರಡು ವರ್ಷಕ್ಕೊಮ್ಮೆ ಒಂದೇ ಠರಾವಿನಲ್ಲಿ ಒಪ್ಪಿಗೆ ಕೊಡುವ ಪದ್ಧತಿ ಬಂತು. ಮೂರರಲ್ಲಿ ಒಂದು ಪಾಲು ವಿರೋಧ ಪಕ್ಷದವರಿಗೆ ಸಲ್ಲಬೇಕೆಂಬುದು ಅಲ್ಲಿನ ವಾಡಿಕೆ. ಈ ವಾಡಿಕೆಯಲ್ಲಿ ವಿವೇಕವಿದೆ. ಹಣ ಕೊಡುವ ಬಹುಮತಕ್ಕೆ, ಬೇಡವಾದ ಪ್ರಶ್ನೆಯನ್ನು ಹಣ ಕೊಡದೆಯೇ ಮುಚ್ಚಿಹಾಕುವ ಶಕ್ತಿಯೂ ಇರುತ್ತದಷ್ಟೆ.

ಖರ್ಚು ಮಾಡಿದ ಮಾತ್ರಕ್ಕೆ ಸಮಿತಿ ಎಚ್ಚರವಾಗಿರುತ್ತದೆಂದು ಹೇಳಲಾಗದು. ಭತ್ಯ ಪಡೆದು ತೂಕಡಿಸುವ ಸಮಿತಿಗಳೂ ಉಂಟು. ಆದರೆ ಗುಮಾಸ್ತನಿಲ್ಲದ ಸಮಿತಿ ಎಚ್ಚರವಾಗಿದ್ದೂ ಏನು ಮಾಡೀತು? ತೋಟಕ್ಕೆ ಬೇಲಿ ಹಾಕುವ ಖರ್ಚು ಯಾರಿಗೂ ಪ್ರಿಯವಲ್ಲ. ಬೇಲಿಯಿಲ್ಲದ ತೋಟದ ಫಲವನ್ನು ಯಾರು ಉಂಡರೆಂಬುದನ್ನು ಮಾತ್ರ 1923 ಮತ್ತು 1950ರ ಕಡತಗಳು ಹೇಳುತ್ತವೆ.