ಹಳೆಯ ಕಾರು, ಹೊಸ ಗ್ಯಾಸು

1940ರ ಮಾದರಿಯ ಪ್ಯಾಕಾರ್ಡ್ ಕಾರಿನಲ್ಲಿ ಏಸಿಯ ತಂಪು ಸಾಕೆನಿಸಿದರೆ ಇಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಕಂಪ್ರೆಸರಿನ ಬೆಲ್ಟನ್ನೇ ಕಳಚಬೇಕಿತ್ತು. ಬೇಕೆಂದಾಗ ಕಂಪ್ರೆಸರನ್ನು ತಡೆದು ನಿಲ್ಲಿಸುವ ಕ್ಲಚ್ ಅದರಲ್ಲಿರಲಿಲ್ಲ. ಡಿಕ್ಕಿಯ ಒಂದಷ್ಟು ಜಾಗವನ್ನೂ ಕೂಲಿಂಗ್ ಕಾಯಿಲ್ ನುಂಗಿತ್ತು. ಇಷ್ಟಕ್ಕೆ 274 ಡಾಲರ್! ಕೊಳ್ಳುವವರು ವಿರಳವಾಗಿ, ಪ್ಯಾಕಾರ್ಡ್ 1941ರ ಬಳಿಕ ಆ ಗೊಡವೆಯನ್ನೇ ಬಿಟ್ಟಿತು.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1953ರಲ್ಲಿ, ಕ್ರೈಸ್ಲರ್ ಮತ್ತು ಜನರಲ್ ಮೋಟಾರ್ಸ್ ಮತ್ತೆ ಕೈಹಾಕಿದವು. ಆ ಕಾಲದ ಕ್ಯಾಡಿಲಾಕ್‌ನಲ್ಲಿ ಹಿಂದಿನ ಗಾಜಿನ ಪಕ್ಕದಿಂದ ಎದ್ದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಗಳು ತಣ್ಣನೆಯ ಗಾಳಿಯನ್ನು ಚಾವಣಿಗೆ ಒಯ್ಯುತ್ತಿದ್ದವು. ಮರುವರ್ಷ ನ್ಯಾಶ್ ಕಂಪನಿ ಇಡೀ ವ್ಯವಸ್ಥೆಯನ್ನು ಕಾರಿನ ಮುಂಭಾಗಕ್ಕೆ ತಂದಿತು. ಇಂದಿನ ಕಾರುಗಳಲ್ಲಿರುವುದೂ ಅದೇ ಏರ್ಪಾಡು.

ಇವುಗಳಲ್ಲಿ ಹೆಚ್ಚಿನವಕ್ಕೆ ಜೀವ ಆರ್-12 ಎಂಬ ಗ್ಯಾಸು, ಜನರ ಬಾಯಲ್ಲಿ ಫ್ರಿಯಾನ್. ಅದರ ಹಿಂದಿದ್ದವರಲ್ಲಿ ಪ್ರಮುಖ ಥಾಮಸ್ ಮಿಡ್ಗ್ಲೆ. ಅದು ವಿಷವಲ್ಲ, ಹೊತ್ತಿಕೊಳ್ಳುವುದೂ ಇಲ್ಲ ಎಂದು ತೋರಿಸಲು ಆತ 1930ರಲ್ಲಿ ವಿಜ್ಞಾನಿಗಳ ಸಭೆಯಲ್ಲೇ ಅದನ್ನು ಎದೆತುಂಬ ಎಳೆದುಕೊಂಡು, ಊದಿ ಮೋಂಬತ್ತಿ ಆರಿಸಿದ. ಪೆಟ್ರೋಲಿಗೆ ಸೀಸ ಬೆರೆಸುವ ದಾರಿ ತೋರಿದ ಪುಣ್ಯಾತ್ಮನೂ ಇವನೇ! ಈ ಗ್ಯಾಸು ಓಝೋನ್ ಪದರವನ್ನು ಕೊರೆಯುತ್ತದೆಂಬ ಎಚ್ಚರಿಕೆ ಬಂದದ್ದು 1974ರಲ್ಲಿ, ಮಾಂಟ್ರಿಯಲ್ ಒಪ್ಪಂದವಾದದ್ದು 1987ರಲ್ಲಿ. 1995ರ ಕೊನೆಗೆ ಅಮೆರಿಕದಲ್ಲಿ ಹೊಸ ಆರ್-12 ತಯಾರಿಕೆ ನಿಂತಿತು. ಬಳಕೆಗೆ ನಿಷೇಧವೇನೂ ಬರಲಿಲ್ಲ, ಉಳಿದ ದಾಸ್ತಾನಿನ ಬೆಲೆ ಮಾತ್ರ ಗಗನಕ್ಕೇರಿತು.

ಹಳೆಯ ಕಾರಿನ ಮಾಲೀಕರ ಪೀಕಲಾಟ ಶುರುವಾದದ್ದು ಇಲ್ಲಿಂದ. ಖಾಲಿಯಾದ ಜಾಗಕ್ಕೆ, ಆರ್-12ರ ಬದಲಿಗೆ ಬಂದ ಆರ್-134ಎ ಎಂಬ ಗ್ಯಾಸು ತುಂಬಿಸಿದರೆ ಆಯಿತಲ್ಲ ಎನ್ನುವಂತಿಲ್ಲ. ಹಳೆಯ ಮಿನರಲ್ ಆಯಿಲ್ ಈ ಗ್ಯಾಸಿನೊಂದಿಗೆ ಬೆರೆಯುವುದಿಲ್ಲ. ಅದು ಎಲ್ಲೋ ಮೂಲೆಯಲ್ಲಿ ತಂಗಿ, ಕಂಪ್ರೆಸರ್ ಎಣ್ಣೆಯಿಲ್ಲದೆ ಸವೆಯುತ್ತದೆ. ಹಾಗಾಗಿ ಹಳೆಯ ಎಣ್ಣೆ ತೊಳೆದು ಎಸ್ಟರ್ ಅಥವಾ ಪಿಎಜಿ ಎಣ್ಣೆ ಹಾಕಬೇಕು. ಡ್ರೈಯರ್, ಓ-ರಿಂಗ್‌ಗಳನ್ನು ಬದಲಿಸಬೇಕು. ಹೊಸ ಗ್ಯಾಸಿನ ಅಣು ಚಿಕ್ಕದು, ಹಳೆಯ ರಬ್ಬರ್ ಹೋಸಿನ ಮೈಯಿಂದಲೇ ಜಿನುಗೀತು. ಒಳಪದರವಿರುವ ಹೋಸ್ ಬೇಕು. ಮೂಲ ಕಂಡೆನ್ಸರ್ ಇದರ ಒತ್ತಡಕ್ಕೆ ಸಾಲದಾದಾಗ, ಸಿಗ್ನಲ್ಲಿನಲ್ಲಿ ಕಾರು ನಿಂತೊಡನೆ ತಂಪು ಮಾಯವಾಗಿ ಬಿಸಿಗಾಳಿ ಬೀಸುತ್ತದೆ. ಅದಕ್ಕೆ ಹಲವರು ಚಪ್ಪಟೆ ಕೊಳವೆಗಳ ಪ್ಯಾರಲಲ್-ಫ್ಲೋ ಕಂಡೆನ್ಸರ್ ಕೂರಿಸುತ್ತಾರೆ.

ಇಷ್ಟಾದ ಮೇಲೆ ಅದನ್ನು ಫ್ಯಾಕ್ಟರಿ ಏಸಿ ಎನ್ನಬಹುದೇ? ಹಳೆಯ ಕಾರುಗಳ ಪ್ರದರ್ಶನ ಸ್ಪರ್ಧೆಗೆ ಕಾರು ಒಯ್ಯುವವರು ಒಪ್ಪುವುದಿಲ್ಲ. ದುಬಾರಿಯಾದರೂ ಆರ್-12ನ್ನೇ ಹುಡುಕಿ ತುಂಬಿಸುತ್ತಾರೆ. ದಿನನಿತ್ಯ ಓಡಿಸುವವರಿಗೆ ಅಷ್ಟು ಮಡಿವಂತಿಕೆ ಬೇಕಿಲ್ಲ. ಅವರಲ್ಲಿ ಕೆಲವರು 1962ರಲ್ಲಿ ಬಂದ ಫ್ರಿಜಿಡೇರ್ ಎ-6 ಎಂಬ ಭಾರದ ಕಂಪ್ರೆಸರನ್ನೇ ಇಳಿಸಿ, ಹಗುರವಾದ ಹೊಸದನ್ನು ಹಾಕುತ್ತಾರೆ. ಎರಡು ಗ್ಯಾಸುಗಳು ಬೆರಕೆಯಾಗದಂತೆ, ಬದಲಿಸಿದ ಕಾರಿಗೆ ಬೇರೆ ಅಳತೆಯ ಫಿಟಿಂಗ್ ಮತ್ತು ಬಾನೆಟ್ಟಿನಡಿ ಒಂದು ಚೀಟಿ ಇರಲೇಬೇಕೆಂಬುದು ಅಮೆರಿಕದ ನಿಯಮ.